ಬಂದರಿನಲ್ಲಿ ಸುಟ್ಟ ದಾಳಿಂಬೆ

ಕಲಾದಗಿ
16 ಫೆಬ್ರವರಿ 2025

ಪ್ರೀತಿಯ ಸಾಜಿಯಾ,

ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಇದ್ದೇವೆ ಎಂದಷ್ಟೇ ತಿಳಿದುಕೋ. ನೀನು ಫೋನು ಮಾಡಿದಾಗಲೆಲ್ಲ "ಆಮ್ಯಾಲೆ ಮಾಡ್ತೇನಿ" ಎಂದು ತಪ್ಪಿಸಿಕೊಂಡದ್ದಕ್ಕೆ ಬೈಯಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುವವಳು. ನಿನ್ನ ಜೊತೆಗೆ ನಿನ್ನ ಅತ್ತೆ, ನಿನ್ನ ಗಂಡ, ಮಿರಜದ ಅರ್ಧ ಓಣಿ ನನ್ನ ಮಾತು ಕೇಳುತ್ತದೆ. ಇದು ನೀನೊಬ್ಬಳೇ ಕೂತು ಓದಬೇಕಾದ ಸುದ್ದಿ. ಶಾಹಿದಣ್ಣ ನಿನಗೆ ಏನೂ ಹೇಳಿರಲಾರ, ತಂಗಿಗೆ ಯಾಕೆ ಚಿಂತೆ ಎನ್ನುವ ಪೈಕಿ ಅವನು.

ಮೊದಲು ಒಳ್ಳೆಯದು ಹೇಳುತ್ತೇನೆ. ನಮ್ಮ ಅತ್ತೆಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಈಗ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ ನಾನು ತಿಕ್ಕಿಟ್ಟ ಪಾತ್ರೆಯಲ್ಲಿ ದಿನಾ ಒಂದಾದರೂ ಕಲೆ ಹುಡುಕಿ ತೋರಿಸುತ್ತಾರೆ. ಕೆಟ್ಟದ್ದು ಶುರುವಾದದ್ದೂ ಆ ಆಪರೇಷನ್ನಿನ ದಿನಗಳಲ್ಲೇ.

ನಮ್ಮ ದಾಳಿಂಬೆ ಹಾಲೆಂಡಿಗೆ ಹೋಗುತ್ತದೆಂದು ನಿನಗೆ ಗೊತ್ತಲ್ಲ. ಊರಿನ ಕೆಲವು ತೋಟದವರು ಸಂಘ ಕಟ್ಟಿಕೊಂಡು ಒಂದು ರಫ್ತು ಕಂಪನಿಗೆ ಹಣ್ಣು ಕೊಡುತ್ತೇವೆ. ಪ್ರತಿ ತೋಟಕ್ಕೂ ಒಂದು ನಂಬರು, ಪ್ರತಿ ಪೆಟ್ಟಿಗೆಯ ಮೇಲೂ ಆ ನಂಬರು, ಅದಿಲ್ಲದಿದ್ದರೆ ಹಣ್ಣು ಹಡಗು ಹತ್ತುವುದಿಲ್ಲ. ಕೊಯ್ಯುವ ಮೊದಲು ಕಂಪನಿಯವರು ಹಣ್ಣು ಒಯ್ದು ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಪಾಸಾದ ಮೇಲೆ ಗಿಡಕ್ಕೆ ಒಂದು ಹನಿ ಔಷಧಿ ಹೊಡೆಯುವಂತಿಲ್ಲ. ಹಣ್ಣಿನಲ್ಲಿ ಔಷಧಿ ಎಷ್ಟಿರಬಹುದು ಎಂಬ ಅಳತೆಯನ್ನು ಈ ಸಲ ಅಲ್ಲಿಯವರು ಇನ್ನೂ ಬಿಗಿ ಮಾಡಿದ್ದಾರಂತೆ. ಇಲ್ಲಿ ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರುವ ಔಷಧಿ ಅಲ್ಲಿ ವಿಷ. ಅದೇ ಹಣ್ಣನ್ನು ನಾವು ತಿನ್ನಬಹುದು, ಅವರು ತಿನ್ನಬಾರದು. ನಮ್ಮ ಹೊಟ್ಟೆಯನ್ನು ದೇವರು ತಗಡಿನಿಂದ ಮಾಡಿದ್ದಾನೋ ಏನೋ.

ಡಿಸೆಂಬರಿನಲ್ಲಿ ನಮ್ಮ ಹಣ್ಣು ಪಾಸಾಯಿತು. ಅದರ ಬೆನ್ನಿಗೇ ಅತ್ತೆಯನ್ನು ಕರೆದುಕೊಂಡು ನಾನೂ ನಮ್ಮವರೂ ಬಾಗಲಕೋಟೆಯ ದವಾಖಾನೆಗೆ ಹೋದೆವು. ಆಗಲೇ ಅಕಾಲದ ಮಳೆ ಸುರಿಯಿತು, ಮಳೆಯ ಹಿಂದೆ ಹುಳು ಬಿತ್ತು. ನಿನ್ನ ಅಣ್ಣ ತನ್ನ ತೋಟಕ್ಕೆ ಔಷಧಿ ಹೊಡೆಯುವಾಗ ಬದುವಿನಾಚೆ ನಮ್ಮ ಗಿಡಗಳನ್ನು ನೋಡಿದ್ದಾನೆ. ಅವನ ಹಣ್ಣು ಹೋಗುವುದು ಸೊಲ್ಲಾಪುರದ ಮಾರುಕಟ್ಟೆಗೆ, ಹಾಲೆಂಡಿನ ಕಾಯಿದೆ ಅವನಿಗೇನು ಗೊತ್ತು? ಗೆಳೆಯ ನೀಲಪ್ಪ ಊರಲ್ಲಿಲ್ಲ, ಅವನ ಬೆಳೆ ಹಾಳಾದೀತು ಎಂದು ನಮ್ಮ ತೋಟಕ್ಕೂ ಹೊಡೆದ. ಔಷಧಿ ಅವನದು, ಪಂಪು ಅವನದು, ಇಡೀ ದಿನದ ಬೆನ್ನುನೋವೂ ಅವನದೇ.

ಹೊಡೆದವನು ನಮಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಬೇರೆಯವರು ಕೇಳಿಯಾರು, ನೀನು ಕೇಳಲಾರೆ. ನಿಮ್ಮ ಅಪ್ಪ ಗೌಸಸಾಬ ಕಾಕಾ ನಮ್ಮ ಬಾವಿಗೆ ಬಿದ್ದ ಆಕಳನ್ನು ಮೇಲೆತ್ತಿಸಿದ ಸುದ್ದಿ ನಮ್ಮ ಮಾವನವರಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅದೂ ಮಂದಿಯ ಬಾಯಿಂದ. ನಮ್ಮ ಎರಡು ಮನೆಗಳ ನಡುವೆ ಮಾಡಿದ ಉಪಕಾರವನ್ನು ಆಡಿ ತೋರಿಸುವುದು ನಾಚಿಕೆಗೇಡು. ನಾವೂ ಊರಿಗೆ ಬಂದು, ಮಳೆಯಾದರೂ ಹಣ್ಣು ಚೆನ್ನಾಗಿ ಉಳಿದಿದೆಯಲ್ಲ ಎಂದು ಹಿಗ್ಗಿ, ಕೊಯ್ದು ಕಳಿಸಿದೆವು.

ಜನವರಿ ಕೊನೆಗೆ ಸುದ್ದಿ ಬಂತು. ಅಲ್ಲಿಯ ಬಂದರಿನಲ್ಲಿ ಮತ್ತೆ ಪರೀಕ್ಷೆ ಮಾಡಿದ್ದಾರೆ, ನಮ್ಮ ನಂಬರಿನ ಪೆಟ್ಟಿಗೆಯಲ್ಲಿ ಔಷಧಿ ಸಿಕ್ಕಿದೆ. ನಮ್ಮ ಹಣ್ಣಷ್ಟೇ ಅಲ್ಲ, ಸಂಘದ ಎಲ್ಲರ ಹಣ್ಣಿದ್ದ ಕಂಟೇನರನ್ನೇ ಖಾಲಿ ಮಾಡಿಸಿ ಸುಟ್ಟರಂತೆ. ಸಂಘದ ಲಕ್ಷ್ಮಪ್ಪ ಕಾಕಾ ನಮ್ಮ ಬಾಗಿಲಿಗೆ ಬಂದು, "ಎಲ್ಲಾರ ದುಡಿಮಿ ಬೂದಿ ಮಾಡಿದೆಲ್ಲೊ ನೀಲಪ್ಪಾ" ಎಂದು ಟವೆಲು ಮುಖಕ್ಕೆ ಹಿಡಿದು ಅತ್ತುಬಿಟ್ಟರು. ನಮ್ಮವರು ಬನಶಂಕರಿಯ ಮೇಲೆ ಆಣೆ ಮಾಡಿ ನಾ ಹೊಡೆದಿಲ್ಲ ಎಂದರು. ಯಾರು ನಂಬುತ್ತಾರೆ?

ಅದನ್ನು ಕೇಳಿ ಶಾಹಿದಣ್ಣ ತಾನಾಗಿಯೇ ಬಂದ. ಕಟ್ಟೆಯ ಮೇಲೆ ಕೂತ, ಚಹಾ ಮುಟ್ಟಲಿಲ್ಲ.

"ಲೇ ನೀಲ್ಯಾ, ನಿನ್ನ ಗಿಡಕ್ಕ ಎಣ್ಣಿ ನಾ ಹೊಡದೇನಿ. ಹುಳಾ ಬಿದ್ದಿದ್ವು. ನೀ ದವಾಖಾನ್ಯಾಗ ಇದ್ದಿ."

ಇವರು ಚಹಾದ ಕಪ್ಪನ್ನು ಅವನ ಕಡೆಗೆ ಸರಿಸಿದರು. ಆಮೇಲೆ, "ಒಂದ ಮಾತ ಹೇಳಬಾರದಿತ್ತೇನೊ?" ಎಂದರು.

"ಯಾವಾಗರ ಹೇಳೇವೇನೊ ನಾವು?" ಎಂದ ನಿನ್ನ ಅಣ್ಣ.

ಇಬ್ಬರೂ ಅತ್ತರು. ನಾನು ಒಳಗೆ ಹೋದೆ. ಹಣ್ಣು ಹೋದರೆ ಹೋಗಲಿ, ಇವರ ಗೆಳೆತನ ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಮುಂದಿನ ವಾರ ಸಂಘದ ಸಭೆ. ನಡೆದದ್ದನ್ನು ಕೂಡಿಯೇ ಹೇಳೋಣ ಎಂದು ಇವರು ಶಾಹಿದಣ್ಣನನ್ನೂ ಕರೆದುಕೊಂಡರು, ನಾನೂ ಹೋದೆ. ಕಂಪನಿಯಿಂದ ಪ್ರಬುದ್ಧ ಎಂಬ ಅಧಿಕಾರಿ ಬಂದಿದ್ದರು. ಬಹಳ ತಾಳ್ಮೆಯ ಮನುಷ್ಯ, ಒಮ್ಮೆಯೂ ದನಿ ಏರಿಸಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಇವರು ಮೊದಲು ಸುಮ್ಮನೆ ಕೇಳಿ ನೋಡಿದರು. "ಬಾಜೂ ತ್ವಾಟದವ್ರು, ಪಾಪ, ನಮಗ ಒಳ್ಳೇದಾಗ್ಲಿ ಅಂತ ಹೊಡದಿದ್ರ ಏನ್ ಆಗ್ತೈತ್ರಿ ಸಾಹೇಬ್ರ?"

"ಭಾಳ ಕೆಟ್ಟ ಆಗ್ತೈತ್ರಿ" ಎಂದರು ಅವರು. "ಒಬ್ಬರ ತ್ವಾಟಕ್ಕ ಇನ್ನೊಬ್ರು ಹೇಳದ ಎಣ್ಣಿ ಹೊಡಿಯೂದು ಈ ಊರಾಗ ರೂಢಿ ಐತಿ ಅಂದ್ರ, ಖರೀದಿ ಮಾಡವ್ರು ನಿಮ್ಮ ಯಾವ ತ್ವಾಟಾನೂ ನಂಬೂದಿಲ್ರಿ. ಎಲ್ಲಾರ ನಂಬರೂ ಹೋಗ್ತಾವ. ಯಾರರ ಹಗಿತನಕ್ಕ ಹೊಡದಿದ್ರ ಮಾತು ಬ್ಯಾರೆ. ಅದು ರೈತನ ತಪ್ಪಲ್ಲ."

ಇವರ ಬಾಯಿಯಲ್ಲಿದ್ದ ಮಾತು ಬಾಯಿಯಲ್ಲೇ ಉಳಿಯಿತು. ಆಗ ಶಾಹಿದಣ್ಣ ಎದ್ದು ನಿಂತು, ಔಷಧಿ ಹೊಡೆದವನು ತಾನು ಎಂದು ಎಲ್ಲರೆದುರು ಹೇಳಿದ. ಅವನು ಹಾಗೆ ಹೇಳಿದ್ದರಿಂದ ನಂಬರುಗಳು ಉಳಿದವು. ಮುಂದಿನ ಹಂಗಾಮಿಗೆ ನಮ್ಮ ಹಣ್ಣೂ ಹೋಗುತ್ತದಂತೆ. ಇಷ್ಟು ಆಯಿತು ನೋಡು ಇಲ್ಲಿ.

ಈ ಪತ್ರದ ಜೊತೆಗೆ ಅಮೀನಗಡದ ಕರದಂಟು ಕಳಿಸುತ್ತಿದ್ದೇನೆ. ನಿನ್ನ ಮಗಳಿಗೆ ಮೊದಲು ಕೊಡು, ಉಳಿದರೆ ನೀನು ತಿನ್ನು. ಅವಳು ಚೆನ್ನಾಗಿ ಓದಲಿ, ನಮ್ಮಿಬ್ಬರಿಗಿಂತ ಜಾಣೆಯಾಗಲಿ, ನಮ್ಮಷ್ಟೇ ಗಟ್ಟಿಯಾದ ಗೆಳತಿ ಅವಳಿಗೂ ಸಿಗಲಿ. ನಿನ್ನ ಅತ್ತೆಗೆ ನನ್ನ ಸಲಾಮು ಹೇಳು.

ನಿನ್ನವಳೇ,
ವಿದ್ಯಾ

ತಾ.ಕ.: ಲಕೋಟೆ ಅಂಟಿಸುವುದಕ್ಕೆ ಹೋಗಿ ನಿಲ್ಲಿಸಿದೆ. ಸಭೆಯ ಮಾತು ನಿನಗೆ ಅರ್ಧವೇ ಬರೆದಿದ್ದೇನೆ. ಉಳಿದರ್ಧವನ್ನು ಊರವರ ಬಾಯಿಂದ ಕೇಳುವುದು ಬೇಡ, ನಾನೇ ಹೇಳುತ್ತೇನೆ. ನಿನ್ನ ಅಣ್ಣ ಅಂದದ್ದು ಇದು: "ನಾನ ಹೊಡದೇನ್ರಿ. ಇವನ ಹಣ್ಣು ಪರದೇಶಕ್ಕ ಹೋಗೂದು ನನಗ ನೋಡಾಕ ಆಗಲಿಲ್ಲ. ಹೊಟ್ಟಿಕಿಚ್ಚಿಗೆ ಹೊಡದೇನಿ." ಅಧಿಕಾರಿ ಬರೆದುಕೊಂಡರು. ಹಿಂದಿನಿಂದ ಯಾರೋ, "ಇವ್ರನ್ನ ನಂಬಬ್ಯಾಡ್ರಿ ಅಂತ ನಾ ಮದ್ಲ ಹೇಳಿದ್ದೆ" ಎಂದರು. ನಮ್ಮವರು ನೆಲ ನೋಡುತ್ತ ಕೂತರು. ಮನೆಗೆ ಬಂದ ಮೇಲೆ ಕೇಳಿದೆ. "ನಾ ಬಾಯಿ ಬಿಟ್ಟಿದ್ರ ಎಲ್ಲಾರ್ದೂ ಹೋಗತಿತ್ತಲ್ಲ" ಎಂದರು. ಅದೂ ಖರೆ. ಆದರೂ ಇವರಿಗೆ ಊಟಕ್ಕೆ ಬಡಿಸುವಾಗ ನನಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ.

ಅವತ್ತಿನಿಂದ ಶಾಹಿದಣ್ಣ ನಮ್ಮ ಮನೆಗೆ ಬಂದಿಲ್ಲ. ಹಗೆ ಎಂದು ಹೇಳಿದ ಮೇಲೆ ಜನರೆದುರು ಹಾಗೇ ಇರಬೇಕಲ್ಲ, ಜನರ ಕಣ್ಣಿಗೆ ಅಷ್ಟೇ, ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಹೊಳೆಯ ದಾರಿಯಲ್ಲಿ ನಾವಿಬ್ಬರೂ ಬರುತ್ತಿದ್ದೆವು, ಅವನು ಎದುರಾದ. ಇವರು ಗಾಡಿ ನಿಲ್ಲಿಸಿ "ಶಾಹಿದಾ" ಎಂದು ಕರೆದರು. ಅವನು ಮುಖ ತಿರುಗಿಸಿಕೊಂಡು ಹೋದ. ಸಾಜಿಯಾ, ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ.