ನಿಲ್ಲು ಅಂದ ದೆವ್ವ

ಶಿಡ್ಲಘಟ್ಟ
೧೨ ಜನವರಿ ೨೦೨೫

ಪ್ರೀತಿಯ ವಲ್ಲಿ,

ಹೇಗಿದ್ದೀಯ? ಮನೆಯವರೆಲ್ಲ ಆರಾಮವೇ? ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿಗೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕಣ್ಣಿನ ಪೊರೆ ತೆಗೆಸಿಕೊಂಡೆ. ಮಗಳು ಸಂಘಮಿತ್ರ ಪೆನ್ನು ಮುಟ್ಟಲು ಬಿಡಲಿಲ್ಲ. ಟೀಚರಾಗಿ ಊರ ಮಕ್ಕಳನ್ನೆಲ್ಲ ಹೆದರಿಸಿದವಳು ಈಗ ಮಗಳಿಗೆ ಹೆದರುತ್ತೇನೆ.

ನಿನ್ನ ಮೊಮ್ಮಗ ಶ್ರೀಕರನಿಗೆ ದಿಬ್ಬೂರಹಳ್ಳಿಯ ಪಾಳೇಗಾರರ ಮನೆ ತೋರಿಸಬೇಕು, ಹಾಗೇ ನಿಮ್ಮ ಮನೆಗೂ ಬರುತ್ತೇನೆ ಎಂದು ಬರೆದಿದ್ದೀಯ. ಇಷ್ಟು ವರ್ಷದ ಸ್ನೇಹದಲ್ಲಿ ನೀನು ನಮ್ಮ ಮನೆಗೆ ಬರುವುದು ಇದೇ ಮೊದಲು. ಕುಣಿಯುವಷ್ಟು ಖುಷಿಯಾಯಿತು. ಬಂದವಳು ಬಾಗಿಲಲ್ಲೇ ನಿಂತು ಹೊರಟುಬಿಟ್ಟರೆ ಎಂಬ ದಿಗಿಲೂ ಆಯಿತು.

ಪಾಳೇಗಾರರ ಆ ಮನೆಯಲ್ಲಿ ಈಗ ಉಳಿದಿರುವುದು ಒಂದು ಗೋಡೆ, ಹೂತುಹೋದ ಬಾವಿ. ಸುತ್ತ ಹಿಪ್ಪುನೇರಳೆ ತೋಟ. ಆ ಸಂಜೆ ನೆನಪಿದೆಯಾ? ಶಾಲೆ ಬಿಟ್ಟು ಸೀಬೆಕಾಯಿ ಕದಿಯಲು ಹೋಗಿದ್ದೆವು. ಗೋಡೆಯ ಹಿಂದಿನಿಂದ ಏನೋ ದನಿ ಬಂತು. "ನಿಲ್ಲು ಅಂತಿದೆ ಕಣೇ, ಓಡೇ!" ಎಂದು ನೀನು ಓಟ ಕಿತ್ತೆ. ನಿಮ್ಮ ಅಗ್ರಹಾರದ ಕಥೆಯಲ್ಲಿ ಅದು ಮುತ್ತಿಗೆಯಲ್ಲಿ ಸತ್ತ ಕಾವಲುಗಾರನ ದೆವ್ವ. ಒಳಗೆ ಕಾಲಿಟ್ಟವರನ್ನು ತಡೆದು ನಿಲ್ಲಿಸುತ್ತದೆ.

ನಮ್ಮ ಕೇರಿಗೆ ಹೋಗಿ ಹೇಳಿದರೆ ಅಜ್ಜಿ ಮುನಿಶಾಮಮ್ಮ ಬಿದ್ದು ಬಿದ್ದು ನಕ್ಕಳು. ತೆಲುಗು ನಮ್ಮ ಮನೆಮಾತಲ್ಲವೇ. "ನಿಲ್ಲು ಕಾದಮ್ಮಾ, ನಿಲ್ಲು ಅಲ್ಲ, ನೀಳ್ಳು! ನೀರು ಕೇಳ್ತೈತೆ. ಸುತ್ತ ದಂಡು ಕೂತ್ಕೊಂಡು, ಬಾವಿ ಬತ್ತಿ, ಬಾಯಾರಿ ಸತ್ತೋನು ಪಾಪ. ಅವನು ನೀರು ಕೇಳಿದ್ರೆ ನೀವು ಓಡೋದಾ?" ಎಂದಳು. ಅಮಾವಾಸ್ಯೆಗೊಮ್ಮೆ ಅವಳು ಅಲ್ಲಿ ಒಂದು ಕುಡಿಕೆ ನೀರಿಟ್ಟು ಬರುತ್ತಿದ್ದಳು.

"ದೊರೆ ಕಡೆಯೋನು ನಮ್ಮ ನೀರು ಕುಡೀತಾನಾ ಅಜ್ಜೀ?" ಎಂದು ಕೇಳಿದ್ದೆ.

"ಸತ್ತೋರು ಕುಡೀತಾರೆ ಬಿಡಮ್ಮ" ಎಂದಿದ್ದಳು.

ಶ್ರೀಕರನಿಗೆ ಎರಡು ಕಥೆಯನ್ನೂ ಹೇಳು. ಅವನಿಗೆ ನನ್ನ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ. ಅವರೆಕಾಯಿ ಮುಗಿಯುವುದರೊಳಗೆ ಬನ್ನಿ. ಹಿತಕಿದ ಬೇಳೆ ಸಾರು ಮಾಡುತ್ತೇನೆ.

ನಿನ್ನ
ಲಕ್ಷ್ಮಿದೇವಮ್ಮ

ತಾ.ಕ.: ಅವತ್ತು ಮೊದಲು ಓಡಿ ಸೇರಿದ್ದು ನಿಮ್ಮ ಮನೆಗೆ. ನಿಮ್ಮಮ್ಮ ಗೋದಮ್ಮನವರು ನಿನಗೊಂದು ಲೋಟ ನೀರು ತಂದುಕೊಟ್ಟರು. ನೀನು ಜಗಲಿಯ ಮೇಲೆ ಕೂತು ಗಟಗಟ ಕುಡಿದೆ. ನಾನು ಕೆಳಗೆ ಬೀದಿಯಲ್ಲಿ ನಿಂತಿದ್ದೆ, ನಾಲಿಗೆ ಅಂಟಿಹೋಗಿತ್ತು. ನಾನು ಕೇಳಲಿಲ್ಲ. ನನಗೆ ಬೇಕಾ ಎಂದು ನೀನೂ ಕೇಳಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಾಲ ಹಾಗಿತ್ತು. ನಿನ್ನ ಮೇಲೆ ಇನ್ನೂ ಇದೆ ಕಣೇ. ಬರುವಾಗ ಬಾಟಲಿ ನೀರು ತರಬೇಡ.