ಹಿತ್ತಲ ಕೊಳಕ್ಕೆ ಹೊಲದ ಮೋಟರು

ಶಹಾಪುರ, ೧೪ ಮೇ ೨೦೨೪, ಮಂಗಳವಾರ

ಇವತ್ತೂ ಹೆಂಡತಿ ಮೌನೇಶ್ವರಿ ಕೊಳದ ಪಂಪು ಹಾಕಲಿಲ್ಲ. ಕೊಳದ ಅಂಚಿಗೆ ಕುಂತು ಜರಡಿಯಿಂದ ಬೇವಿನೆಲೆ ತೆಗೆಯುತ್ತಿದ್ದಳು. ನೀರಲ್ಲಿ ನಡೆದರೆ ಅವಳ ಮೊಣಕಾಲು ನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೇ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದು.

ಕೊಳಕ್ಕೆ ಪಂಪು ಕೊಳ್ಳಲು ಹೋದಾಗ ಅಂಗಡಿಯಲ್ಲಿ ಅವಳು ತೋರಿಸಿದ್ದು ವೇಗ ತಗ್ಗಿಸಬಹುದಾದ ಸಣ್ಣ ಪಂಪನ್ನು. "ನೀರು ಸೋಸಾಕ ಇಷ್ಟು ಸಾಕ್ರಿ. ಸಾವಕಾಶ ತಿರುಗಿದ್ರ ಕರೆಂಟೂ ಕಡಿಮಿ," ಅಂದಳು. ನಾನು ಹೊಲದ ಬೋರಿನ ಮೋಟರನ್ನು ಪುಕ್ಕಟೆ ಕರೆಂಟಿನಲ್ಲಿ ಓಡಿಸಿದವನು. ಎಚ್‌ಪಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿದವನು. "ಸುಮ್ಕಿರು, ನಿನಗೇನು ತಿಳೀತದ," ಅಂದೆ, ಅಂಗಡಿಯ ಶರಣಕುಮಾರನ ಎದುರೇ. ಮೂರು ಎಚ್‌ಪಿಯದೇ ತಂದೆ. ಮನೆಯ ಕರೆಂಟು ಪುಕ್ಕಟೆಯಲ್ಲ ಎನ್ನುವುದು ಬಿಲ್ಲು ಬಂದಾಗ ನೆನಪಾಯಿತು.

ಬಿಲ್ಲು ನೋಡಿ ಅವಳು ಪಂಪು ಹಾಕುವುದನ್ನು ಬಿಟ್ಟಳು, ಅಷ್ಟೇ.

ಸಂಜೆ ಪಕ್ಕದಲ್ಲಿ ಕುಂತು, "ನೀ ಹೇಳಿದ್ದೇ ಖರೇ ಇತ್ತು," ಅಂದೆ.

"ಇದನ್ನ ಶರಣಕುಮಾರನ ಮುಂದ ಹೇಳ್ರಿ," ಅಂದಳು, ಜರಡಿಯಿಂದ ಕಣ್ಣೆತ್ತದೆ.

ನಾಳೆ ಇಬ್ಬರೂ ಅಂಗಡಿಗೆ ಹೋಗಬೇಕು. ಪಂಪು ಬದಲಿಸುವುದು ದೊಡ್ಡದಲ್ಲ. ಅಲ್ಲಿ ಗಿರಾಕಿಗಳಿದ್ದರೆ ನನಗೆ ಬಾಯಿ ಬರುತ್ತದೋ ಇಲ್ಲವೋ. ಅವತ್ತೂ ನಾಲ್ಕು ಮಂದಿ ಇದ್ದರು. ಆದರೂ "ಸುಮ್ಕಿರು" ಅನ್ನುವ ಮಾತು ಎಷ್ಟು ಸಲೀಸಾಗಿ ಬಂದಿತ್ತು.