ಸಾತವ್ವನ ಹೆಪ್ಪು

ಜನವರಿ 6, ಸೋಮವಾರ

ಇವತ್ತೂ ಹಾಲು ಉಳಿಯಿತು. ಮನೆಯೊಡತಿ ತೇರದಾಳಕ್ಕೆ ಹೋಗಿದ್ದಾಳೆ ಎಂಬುದು ಎಮ್ಮೆಗೇನು ಗೊತ್ತು... ತನ್ನ ಪಾಡಿಗೆ ಕೊಡುತ್ತಲೇ ಇದೆ. ಡೈರಿಯವರು ಬೆಳಗಿನ ಹಾಲಷ್ಟೇ ಒಯ್ಯುತ್ತಾರೆ. ಸಂಜೆಯದು ಪೂರ್ತಿ ನನ್ನ ತಲೆಗೆ.

ಮಗಳು ರೇಷ್ಮಾಗೆ ಎರಡನೆಯ ಹೆರಿಗೆ. ಗಂಡು ಮಗು. ಬಾಣಂತನ ಮಾಡಲು ಹೋದ ಸಾತವ್ವ ಬಸ್ ಹತ್ತುವಾಗ ಆಡಿದ್ದು ಮೊಮ್ಮಗನ ಮಾತಲ್ಲ, ಮೊಸರಿನ ಮಾತು. "ಒಂದ್ ಹನಿ ಕೆಡಸಬ್ಯಾಡ್ರಿ. ಹೆಪ್ಪ ಅಂತೂ ಜ್ವಾಕಿ. ನಮ್ಮವ್ವನ ಮನಿದು ಅದೊಂದ ಉಳದೈತಿ ನನ್ನ ಕಡೆ."

ನಿಜವೇ. ಅತ್ತೆ ತೀರಿಹೋದರು. ಮುಧೋಳದ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮದುವೆಯಾಗಿ ಬರುವಾಗ ಬಟ್ಟಲಲ್ಲಿ ತಂದ ಹೆಪ್ಪು ಮಾತ್ರ ದಿನಾ ಹಾಲಿಗೆ ಬಿದ್ದು ದಿನಾ ಮೊಸರಾಗುತ್ತಿದೆ. ಇವತ್ತಿನ ಮೊಸರಿನಿಂದ ಒಂದು ಚಮಚ ತೆಗೆದಿಡಬೇಕು, ಮುಂದಿನ ಹಾಲಿಗೆ ಹಾಕಬೇಕು. ಇಷ್ಟೇ ಕೆಲಸ. ಬೀಳಗಿಯ ಅರ್ಧ ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಇದೇನು ಮಹಾ.

ಜನವರಿ 9

ಚಳಿ. ಮೊಸರು ಕೂಡಲಿಲ್ಲ. ಫೋನ್ ಮಾಡಿದೆ. "ಕಂಬಳಿ ಸುತ್ತಿ ಜ್ವಾಳದ ಚೀಲದ ಮಗ್ಗಲಾಗ ಇಡ್ರಿ," ಎಂದಳು. ಇಟ್ಟೆ. ಬೆಳಿಗ್ಗೆ ಗಟ್ಟಿ ಮೊಸರು. ಬೀರಪ್ಪನ ಗುಡಿಗೆ ಹೊದ್ದು ಹೋಗುವ ಕಂಬಳಿಯನ್ನೇ ಮೊಸರಿಗೆ ಹೊದಿಸಿದ್ದೇನೆ — ಅದನ್ನು ಅವಳಿಗೆ ಹೇಳಿಲ್ಲ.

ಜನವರಿ 14

ಸಂಕ್ರಾಂತಿ. ಕೈ ಪಳಗಿದೆ. ಕೆನೆ ಕೂಡಿಟ್ಟು ಬೆಣ್ಣೆ ತೆಗೆದೆ, ತುಪ್ಪ ಕಾಸಿದೆ. ತಳದ ಗಷ್ಟನ್ನೂ ಬಿಡಲಿಲ್ಲ, ಖಾನಾವಳಿಯಿಂದ ತಂದ ರೊಟ್ಟಿಗೆ ಬೆಲ್ಲದ ಜೊತೆ ಹಚ್ಚಿ ತಿಂದೆ. ಹುಳಿ ಮೊಸರು ಮಜ್ಜಿಗೆ ಸಾರಾಯಿತು. ನಿನ್ನೆ ಒಡೆದ ಹಾಲಿಗೂ ಬೆಲ್ಲ ಹಾಕಿ ಕುದಿಸಿದೆ. ಬಾಯಿ ಚಪ್ಪರಿಸುವಂತಿತ್ತು.

ಹೆಚ್ಚಾದ ಮಜ್ಜಿಗೆಯನ್ನು ಓಣಿಗೆ ಹಂಚಿದೆ. ಹಾಲು ಮಾರಬಹುದು, ಮಜ್ಜಿಗೆ ಮಾರಬಾರದು — ನಮ್ಮ ಮನೆತನದ ಕಟ್ಟು. ಗೋಡೆಯಾಚೆಯ ಸಾವಿತ್ರೆವ್ವ, ನನ್ನ ಚಿಕ್ಕಪ್ಪನ ಮಗ ಶಿವಪುತ್ರನ ಹೆಂಡತಿ, ಅದನ್ನು ಮುರಿದಳು. ಒಮ್ಮೆ ಕಬ್ಬಿನ ಸೀಜನ್ನಿನಲ್ಲಿ ಬಾಡಗಂಡಿ ಫ್ಯಾಕ್ಟರಿ ರಸ್ತೆಯಲ್ಲಿ ಕೂತು ಮಜ್ಜಿಗೆ ಮಾರಿದಳು. ದಿನಾ ಚರಂಡಿಗೆ ಚೆಲ್ಲುವುದಕ್ಕಿಂತ ಮೇಲಲ್ಲವೇ ಎಂದು ಅವಳ ವಾದ. "ಮನಿತನದ ಮಾನಾ ಕೊಡದಾಗ ತುಂಬಿ ಮಾರಾಕ ಕುಂತಾಳ," ಎಂದು ಸಾತವ್ವ ಓಣಿಯ ನಡುವೆಯೇ ಅಂದುಬಿಟ್ಟಳು. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ. ಇವತ್ತು ಹಂಚುವಾಗ ಆ ಬಾಗಿಲೊಂದನ್ನು ದಾಟಿ ಮುಂದೆ ಹೋದೆ. ಸಾವಿತ್ರೆವ್ವ ಅಂಗಳ ಗುಡಿಸುತ್ತಿದ್ದಳು. ಮುಜುಗರವಾಯಿತು.

ಜನವರಿ 21, ರಾತ್ರಿ ಊಟದ ಹೊತ್ತು

ಮಾಡಬಾರದ್ದು ಮಾಡಿದೆ.

ತಳದಲ್ಲಿ ಸ್ವಲ್ಪ ಮೊಸರಿತ್ತು. ಕೆಡಬಾರದು ಎಂದು ಅಷ್ಟನ್ನೂ ಕಡೆದು ಕುಡಿದೆ. ಪಾತ್ರೆಗೆ ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿದೆ. ಲಕಲಕ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಜೆ ಹಾಲು ಕಾಸಿ ಆರಿಸಿ, ಹೆಪ್ಪಿಗೆ ಕೈ ಚಾಚಿದೆ... ಎಲ್ಲಿದೆ ಹೆಪ್ಪು. ನನ್ನ ಹೊಟ್ಟೆಯಲ್ಲಿದೆ.

ಜನವರಿ 22

ಈ ಓಣಿಯಲ್ಲಿ ಸಾತವ್ವ ಹೆಪ್ಪು ಕೊಡದ ಮನೆಯಿಲ್ಲ. ಒಬ್ಬರಲ್ಲಾದರೂ ಅದು ಉಳಿದಿರಬೇಕು ಎಂದು ಬಾಗಿಲು ಬಾಗಿಲು ತಿರುಗಿದೆ. ಎಲ್ಲರ ಫ್ರಿಜ್ಜಿನಲ್ಲೂ ಪ್ಯಾಕೆಟ್ ಮೊಸರು. ಮೂಲೆಮನೆಯ ಮಂಗಲಾ ನಕ್ಕಳು. "ಈಗ ಯಾರ್ ಹೆಪ್ಪ ಹಾಕ್ತಾರ್ರಿ ಕಾಕಾ. ಈ ಪ್ಯಾಕೆಟಿಂದ ಹಾಕ್ರಿ, ಕಾಕುಗ ಏನ್ ಗೊತ್ತಾಗತೈತಿ."

ಜನವರಿ 24

ಹಾಕಿದೆ. ಮೊಸರೇನೋ ಆಯಿತು. ನಮ್ಮದಲ್ಲ. ನಮ್ಮದರಲ್ಲಿ ಮೊದಲು ಸಿಹಿ, ಹುಳಿ ಹಿಂದಿನಿಂದ ಮೆಲ್ಲಗೆ ಬರುತ್ತದೆ. ಇದು ಬರೀ ಹುಳಿ. ನನಗೇ ಗೊತ್ತಾಗುತ್ತದೆ ಎಂದರೆ ಅವಳಿಗೆ ಗೊತ್ತಾಗದೇ ಇರುತ್ತದೆಯೇ.

ಫೋನಿನಲ್ಲಿ ಕೇಳಿದಳು, "ಹೆಪ್ಪ ಹೆಂಗೈತ್ರಿ?"

"ಆರಾಮ ಐತಿ," ಎಂದೆ.

ಮುಂದಿನ ವಾರ ಬರುತ್ತಾಳಂತೆ. ಊಟ ಸೇರಲಿಲ್ಲ. ಅವಳಲ್ಲಿ ತಾಯಿಯದೊಂದು ಫೋಟೋ ಕೂಡ ಇಲ್ಲ. ಇದ್ದದ್ದೊಂದನ್ನು ನಾನು ಕುಡಿದುಬಿಟ್ಟೆ.

ಜನವರಿ 26

ಕೇಳದೆ ಉಳಿದದ್ದು ಒಂದೇ ಮನೆ. ಸಂಜೆ ಧೈರ್ಯ ಮಾಡಿ ಹೋಗಿ ನಿಂತೆ. ಶಿವಪುತ್ರ ಟಿವಿ ಸದ್ದು ಇಳಿಸಿದ. ನಡೆದದ್ದು ಹೇಳಿದೆ. ಸಾವಿತ್ರೆವ್ವ ದೇವರ ಜಗುಲಿಯ ಮೇಲಿನ ದೀಪದ ಕಡೆ ನೋಡಿದಳು.

"ದೀಪಾ ಹಚ್ಚೇನ್ರಿ ಭಾವಾರ. ಈ ಹೊತ್ತಿನ್ಯಾಗ ಹೆಪ್ಪ ಕೊಡಾಂಗಿಲ್ಲ."

ಹೌದು, ದೀಪ ಹಚ್ಚಿದ ಮೇಲೆ ಯಾರೂ ಕೊಡುವುದಿಲ್ಲ. ಆ ಹೊತ್ತಿಗೆ ಹೋದದ್ದು ನನ್ನದೇ ತಪ್ಪು. ಆದರೂ... ಇಲ್ಲ ಎನ್ನಲು ಅವಳಿಗೊಂದು ಒಳ್ಳೆಯ ನೆಪ ಸಿಕ್ಕಿತು ಅನಿಸಿತು. ಬಂದು ಮಲಗಿದೆ.

ಜನವರಿ 27, ಬೆಳಿಗ್ಗೆ

ಹಾಲು ಹಿಂಡಿ ಎದ್ದು ತಿರುಗಿದರೆ ಸಾವಿತ್ರೆವ್ವ. ಸೆರಗಿನ ಮರೆಯಲ್ಲಿ ಸ್ಟೀಲ್ ಬಟ್ಟಲು.

"ಅಕ್ಕನ ಹೆಪ್ಪ ಐತ್ರಿ ಇದು. ನಾ ಮದಿವ್ಯಾಗಿ ಬಂದಾಗ ಅಕಿನ ಕೊಟ್ಟಿದ್ಳು. ಬಿಟ್ಟಿಲ್ಲ ನಾನು."

"ಜಗಳಾದ ಮ್ಯಾಲೂ?"

"ಜಗಳ ನಮಗಾಗೈತ್ರಿ. ಹೆಪ್ಪ ಏನ್ ಮಾಡೈತಿ."

ಬಟ್ಟಲು ತೆಗೆದುಕೊಂಡೆ. ಬಾ ಒಳಗೆ ಅನ್ನುವಷ್ಟರಲ್ಲಿ ಅವಳು ಹೋದಳು.

ಫೆಬ್ರವರಿ 2, ರವಿವಾರ

ಸಾತವ್ವ ಬಂದಳು. ಚೀಲ ಇಳಿಸಿದವಳೇ ಮೊಸರಿಗೆ ಬೆರಳದ್ದಿ ನೋಡಿದಳು. ಮುಖ ಅರಳಿತು. "ಛಲೋ ಉಳಿಸೀರಿ," ಎಂದಳು. ಅಲ್ಲಿಗೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಬಾಯಿ ಸುಮ್ಮನಿರಲಿಲ್ಲ. ಎಲ್ಲ ಹೇಳಿದೆ.

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಮೊಸರಿನ ಪಾತ್ರೆಯ ಮುಂದೆ ಕೂತೇಬಿಟ್ಟಳು. "ನಾ ಅಷ್ಟು ಅಂದ ಮ್ಯಾಲೂ ಅಕಿ ಇಟ್ಕೊಂಡಿದ್ಳನ್ರಿ?"

ಆಮೇಲೆ ಎದ್ದು ಬೆಣ್ಣೆ ತೆಗೆದು ಸಾವಿತ್ರೆವ್ವನ ಬಟ್ಟಲಿಗೆ ತುಂಬಿದಳು. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕೊಟ್ಟು ಬರುತ್ತೇನೆ ಎಂದೆ. "ನೀವ್ ಕುಂಡ್ರಿ," ಎಂದು ತಾನೇ ಹೋದಳು.

ಹೋಗಿ ಬಹಳ ಹೊತ್ತಾಯಿತು. ಈಗ ಗೋಡೆಯಾಚೆ ಸಾವಿತ್ರೆವ್ವನ ದನಿ. "ದಿನಾ ಹೆಪ್ಪ ಹಾಕುವಾಗ ನಿನ್ನ ನೆನಸ್ತಿದ್ದೆ ಅಕ್ಕಾ. ಬೈಕೊಂತನ ನೆನಸ್ತಿದ್ದೆ, ಖರೆ."

ಸಾತವ್ವ ಏನೋ ಹೇಳಹೊರಟು ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ತಪ್ಪಾತು ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಇದುವರೆಗೆ ಕೇಳಿಲ್ಲ. ಈಗ ಅದನ್ನೇ ಹೇಳುತ್ತಿದ್ದಾಳೆ.